ದಾದಿಯರ ಗುರುಮಾತೆ ಲಿಂಡಾ ರಿಚರ್ಡ್ಸ್

ರೋಗಿಗಳ ಸೇವೆಯು ಪುಣ್ಯಕಾರ್ಯವೆಂಬುದನ್ನು ಒಪ್ಪದ ಜನಾಂಗವು ಭೂಮಂಡಲದಲ್ಲಿ ಒಂದೂ ಇರಲಾರದು. ಆದರೆ ಆ ಸೇವೆಯು ಗುರುಮುಖದಿಂದ ಕಲಿಯತಕ್ಕ ಒಂದು ವಿದ್ಯೆಯೂ ಅಹುದೆಂಬ ಮಾತು ಲೋಕಕ್ಕೆ ಮನವರಿಕೆಯಾಗಿ ಇನ್ನೂ ಇನ್ನೂರು ವರ್ಷಗಳು ಸಹ ತುಂಬಿಲ್ಲ. ಮನಸ್ಸಿನಲ್ಲಿ ಕರುಣೆಯಿದ್ದರೆ ಸಾಕು, ಕೈಗಳು ತಾವಾಗಿಯೇ ಕೆಲಸವನ್ನು ಅರಿತುಕೊಳ್ಳುವುವೆಂದು ಹಿಂದಿನವರು ನಂಬಿದ್ದರು. ಕರುಣೆಯು ಮೂಲವಾದುದು ನಿಜ. ಆದರೆ ಜ್ವರದ ಏರಿಳಿತವನ್ನು ಅಳೆಯಬಲ್ಲ ಕಣ್ಣು, ಹುಣ್ಣನ್ನು ತೊಳೆದು ಕಟ್ಟಬಲ್ಲ ಕೈ, ರಾತ್ರಿಯ ಮೂರನೆಯ ಜಾವದಲ್ಲಿ ಉಸಿರಿನ ಗತಿಯು ಬದಲಾದುದನ್ನು ಗುರುತಿಸಬಲ್ಲ ಎಚ್ಚರ, ಇವು ಕರುಣೆಯೊಂದರಿಂದಲೇ ದೊರೆಯತಕ್ಕವಲ್ಲ. ಈ ಸತ್ಯವನ್ನು ತನ್ನ ಮನೆಯ ಎರಡು ಮರಣಗಳಿಂದ ಅರಿತು, ಅರಿತುದನ್ನು ಕಲಿತು, ಕಲಿತುದನ್ನು ಎರಡು ಭೂಖಂಡಗಳಲ್ಲಿ ಹಂಚಿದ ಸಾಧ್ವಿಯು ಅಮೇರಿಕಾದೇಶದ ಕುಮಾರಿ ಲಿಂಡಾ ರಿಚರ್ಡ್ಸ್. ಸುವ್ಯವಸ್ಥಿತವಾದ ದಾದಿಯರ ಶಾಲೆಯೊಂದರಿಂದ ಪ್ರಮಾಣಪತ್ರವನ್ನು ಪಡೆದ ಮೊದಲಿಗಳೆಂದು ಆ ದೇಶದ ಜನರು ಈಕೆಯನ್ನು ಎಣಿಸುತ್ತ ಬಂದಿದ್ದಾರೆ.

ಜನನ ಮತ್ತು ಬಾಲ್ಯ

ಲಿಂಡಾ ರಿಚರ್ಡ್ಸಳು 1841ನೆಯ ಇಸವಿ ಜುಲೈ 27ನೆಯ ತಾರೀಖಿನಂದು ನ್ಯೂಯಾರ್ಕ್ ಸಂಸ್ಥಾನದ ಪಾಟ್ಸ್‌ಡ್ಯಾಮ್ ಎಂಬ ಊರಿನ ಸಮೀಪದಲ್ಲಿ ಜನಿಸಿದಳು. ತಂದೆಯಾದ ಸ್ಯಾನ್‌ಫರ್ಡ್ ರಿಚರ್ಡ್ಸರು ಧರ್ಮೋಪದೇಶಕರು. ಬರ್ಮಾದೇಶಕ್ಕೆ ಹೋಗಿ ಅಲ್ಲಿ ಬಹು ಕಷ್ಟಗಳನ್ನು ಅನುಭವಿಸಿ ದುಡಿದ ಆನ್ ಜಡ್ಸನ್ ಎಂಬ ಮಹಿಳೆಯ ಹೆಸರನ್ನು ಅವರು ತಮ್ಮ ಮಗಳ ಹೆಸರಿನೊಡನೆ ಸೇರಿಸಿದರು. ಮಗಳೂ ಒಂದು ದಿನ ಪರದೇಶದ ಜನರ ಸೇವೆಗೆ ಹೊರಡಲೆಂಬುದು ಅವರ ಹಿರಿಯಾಸೆಯಾಗಿದ್ದಿತು. ಆ ಆಸೆಯು ಕೈಗೂಡುವುದನ್ನು ಕಾಣುವ ಭಾಗ್ಯವು ಅವರಿಗೆ ಇರಲಿಲ್ಲ. 1845ರಲ್ಲಿ ಕುಟುಂಬವು ಹೊಸ ನೆಲವನ್ನು ಅರಸುತ್ತ ಪಶ್ಚಿಮದ ವಿಸ್ಕಾನ್ಸಿನ್ ಪ್ರಾಂತಕ್ಕೆ ಹೋಯಿತು. ಅಲ್ಲಿಗೆ ಹೋದ ಕೆಲವೇ ವಾರಗಳಲ್ಲಿ ತಂದೆಯು ಕ್ಷಯರೋಗದಿಂದ ತೀರಿಕೊಂಡರು. ವಿಧವೆಯಾದ ತಾಯಿಯು ಎಳೆಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ವರ್ಮಾಂಟ್ ಸಂಸ್ಥಾನದಲ್ಲಿದ್ದ ಹಿರಿಯರ ಮನೆಗೆ ಹಿಂದಿರುಗಿದಳು.

ದೈವವು ಆ ಮನೆಯನ್ನು ಅಷ್ಟಕ್ಕೇ ಬಿಡಲಿಲ್ಲ. ತಂದೆಯನ್ನು ಕೊಂಡೊಯ್ದ ರೋಗವೇ ತಾಯಿಯನ್ನೂ ಹಿಡಿಯಿತು. ಹಾಸಿಗೆ ಹಿಡಿದ ತಾಯಿಯ ಆರೈಕೆಯು ಬಾಲೆಯ ಪಾಲಿಗೆ ಬಂದಿತು. ಕ್ಷಯರೋಗವು ಅಂಟುರೋಗವೆಂಬುದಾಗಲಿ, ಅದಕ್ಕೆ ಕಾರಣವಾದ ಕ್ರಿಮಿಯು ಯಾವುದೆಂಬುದಾಗಲಿ ಆಗ ವೈದ್ಯಲೋಕಕ್ಕೇ ತಿಳಿದಿರಲಿಲ್ಲ. ಜರ್ಮನಿಯ ರಾಬರ್ಟ್ ಕಾಕ್ ಎಂಬ ವಿದ್ವಾಂಸರು ಆ ಕ್ರಿಮಿಯನ್ನು ಕಂಡುಹಿಡಿದುದು 1882ರಲ್ಲಿ. ಬಾಲೆಗೆ ತಿಳಿದಿದ್ದುದು ತಾಯಿಯ ಕೆಮ್ಮು, ಬೆವರು ಮತ್ತು ನಿದ್ರೆಯಿಲ್ಲದ ರಾತ್ರಿಗಳು ಮಾತ್ರ. 1854ರಲ್ಲಿ ತಾಯಿಯು ಕಣ್ಣು ಮುಚ್ಚಿದಳು. ಆಗ ಲಿಂಡಾಳಿಗೆ ಹದಿಮೂರು ವರ್ಷಗಳ ಪ್ರಾಯ.

ಬಳಿಕ ಆಕೆಯು ಸೇಂಟ್ ಜಾನ್ಸ್‌ಬರಿಯ ವಿದ್ಯಾಲಯದಲ್ಲಿ ಒಂದು ವರ್ಷ ಓದಿ, ಊರಿನ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯಿನಿಯಾದಳು. ಆ ಕಾಲದಲ್ಲಿ ಆ ಸೀಮೆಯ ಹಳ್ಳಿಹಳ್ಳಿಯಲ್ಲಿಯೂ ಹುಟ್ಟುದಾದಿ ಎಂದು ಕರೆಯಿಸಿಕೊಳ್ಳುವ ಹೆಂಗಸೊಬ್ಬಳು ಇರುತ್ತಿದ್ದಳು. ಯಾರ ಮನೆಯಲ್ಲಿ ಕಾಯಿಲೆಯಾದರೂ ಜನರು ಹಗಲಿರುಳೆನ್ನದೆ ಅವಳನ್ನು ಕರೆದೊಯ್ಯುವರು. ಅವಳೂ ಸಂಬಳದ ಮಾತೆತ್ತದೆ ಹೋಗುವಳು. ಕನ್ನಡನಾಡಿನ ಹಳ್ಳಿಗಳಲ್ಲಿ ಬಾಣಂತಿಯ ಮನೆಗೆ ಹೋಗುತ್ತಿದ್ದ ಸೂಲಗಿತ್ತಿಯನ್ನು ಬಲ್ಲವರಿಗೆ ಈ ಪದ್ಧತಿಯು ಹೊಸದಾಗಿ ತೋರದು. ಲಿಂಡಾಳೂ ತರುಣಿಯಾಗಿರುವಾಗಲೇ ನೆರೆಹೊರೆಯವರಿಗೆ ಇಂತಹ ದಾದಿಯಾದಳು.

ಎರಡನೆಯ ಶೋಕ

ಜಾರ್ಜ್ ಪೂಲ್ ಎಂಬ ತರುಣನೊಡನೆ ಆಕೆಯ ವಿವಾಹವು ನಿಶ್ಚಯವಾಗಿದ್ದಿತು. ಅಷ್ಟರಲ್ಲಿ ಅಮೇರಿಕೆಯ ಉತ್ತರ ದಕ್ಷಿಣ ಸಂಸ್ಥಾನಗಳೊಳಗೆ ಅಂತರ್ಯುದ್ಧವು ತಲೆದೋರಿತು. 1861ರಿಂದ 1865ರವರೆಗೆ ನಡೆದ ಆ ಘೋರ ಸಂಗ್ರಾಮಕ್ಕೆ ಪೂಲನೂ ಸೈನಿಕನಾಗಿ ಹೋದನು. ಹೋದವನು ಗಾಯಾಳುವಾಗಿ ಹಿಂದಿರುಗಿದನು. ವಾಗ್ದತ್ತನಾದ ಆ ವರನಿಗೆ ಪತ್ನಿಯಾಗುವ ಬದಲು ಲಿಂಡಾಳು ದಾದಿಯಾಗಬೇಕಾಯಿತು. ನಾಲ್ಕು ವರ್ಷಗಳವರೆಗೆ ಆಕೆಯು ಮಾಡಿದ ಆರೈಕೆಯು ಅವನನ್ನು ಉಳಿಸಲಾರದೆ ಹೋಯಿತು. 1869ರಲ್ಲಿ ಪೂಲನು ಮೃತನಾದನು. ಆಕೆಯು ಆಮೇಲೆ ವಿವಾಹದ ಯೋಚನೆಯನ್ನೇ ಮಾಡಲಿಲ್ಲ.

ಶೋಕವು ಹಲವರನ್ನು ಮೂಲೆಗೆ ಕೂರಿಸುತ್ತದೆ. ಲಿಂಡಾಳು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಊರನ್ನು ಬಿಟ್ಟು ಬಾಸ್ಟನ್ ನಗರಕ್ಕೆ ಹೊರಟಳು. ಪ್ರೀತಿಪಾತ್ರರಾದ ಇಬ್ಬರನ್ನು ಮನಸಾರೆ ಉಪಚರಿಸಿಯೂ ಕಳೆದುಕೊಂಡವಳಿಗೆ, ರೋಗಿಯ ಬಳಿ ಕುಳಿತವರು ಇನ್ನೂ ಏನನ್ನು ಅರಿತಿರಬೇಕೆಂಬ ಪ್ರಶ್ನೆಯೇ ಮುಂದಿನ ಬಾಳಿನ ದಾರಿಯಾಯಿತು.

ಬಾಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ 1870ರಲ್ಲಿ ಆಕೆಗೆ ಸಹಾಯಕಿಯ ಕೆಲಸವು ದೊರೆಯಿತು. ಹೆಸರಿಗೆ ದಾದಿಯ ಕೆಲಸ, ನಡೆದುದು ಮನೆಗೆಲಸದವಳ ಚಾಕರಿ. ಕಲಿಸುವವರು ಒಬ್ಬರೂ ಇರಲಿಲ್ಲ. ರೋಗಿಗಳ ನರಳಾಟಕ್ಕೆ ಕಿವುಡಾದ ಹೆಂಗಸರು ದಾದಿಯರೆನಿಸಿಕೊಂಡು ತಿರುಗುತ್ತಿದ್ದರು. ಆ ದಿನಗಳಲ್ಲಿ ಕುಲೀನರ ಮನೆಯ ಹೆಣ್ಣುಮಕ್ಕಳು ಆಸ್ಪತ್ರೆಯ ಹೊಸ್ತಿಲನ್ನು ತುಳಿಯುತ್ತಿರಲಿಲ್ಲ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಂತೂ ಸಣ್ಣಪುಟ್ಟ ಅಪರಾಧಗಳಿಗಾಗಿ ನ್ಯಾಯಾಲಯದಿಂದ ಶಿಕ್ಷೆ ಹೊಂದಿದ ಸ್ತ್ರೀಯರನ್ನೇ ರೋಗಿಗಳ ಚಾಕರಿಗೆ ಹಚ್ಚುವ ರೂಢಿಯಿದ್ದಿತು. ಲಿಂಡಾಳು ಮೂರು ತಿಂಗಳು ದುಡಿದು, ದೇಹವೂ ಸೋತು, ಆ ಕೆಲಸವನ್ನು ಬಿಟ್ಟಳು. ಆದರೆ ದಾದಿಯಾಗುವ ಸಂಕಲ್ಪವನ್ನು ಬಿಡಲಿಲ್ಲ.

ಶಾಲೆಯ ಮೊದಲ ವಿದ್ಯಾರ್ಥಿನಿ

ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯೆಯು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದ್ದಳು. ಅದರ ಕೀರ್ತಿಯು ಅಮೇರಿಕೆಯನ್ನೂ ಮುಟ್ಟಿದ್ದಿತು. ಬಾಸ್ಟನ್ನಿನಲ್ಲಿ ಮೇರಿ ಝಕ್ರಷೆವ್ಸ್ಕಾ ಎಂಬ ವೈದ್ಯೆಯು 1862ರಲ್ಲಿ ತೆರೆದ ಸ್ತ್ರೀಯರ ಮತ್ತು ಮಕ್ಕಳ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಿದ್ದಿತು. ಅಲ್ಲಿ ರೋಗಿಗಳೂ ಸ್ತ್ರೀಯರು, ವೈದ್ಯರೂ ಸ್ತ್ರೀಯರು. ಸ್ವದೇಶದ ವೈದ್ಯಶಾಲೆಯಲ್ಲಿ ಪ್ರವೇಶ ಸಿಗದೆ ಸ್ವಿಟ್ಝರ್ಲೆಂಡಿನ ಝೂರಿಕ್ ನಗರಕ್ಕೆ ಹೋಗಿ ಪದವಿ ಪಡೆದು ಬಂದಿದ್ದ ಸೂಸನ್ ಡಿಮಕ್ ಎಂಬ ತರುಣ ವೈದ್ಯೆಯು ಆ ಆಸ್ಪತ್ರೆಯಲ್ಲಿ ಒಂದು ವರ್ಷದ ಕ್ರಮಬದ್ಧ ಶಿಕ್ಷಣವನ್ನು ಏರ್ಪಡಿಸಿದಳು. 1872ರ ಸೆಪ್ಟೆಂಬರಿನಲ್ಲಿ ಐದು ಮಂದಿ ವಿದ್ಯಾರ್ಥಿನಿಯರ ತಂಡವು ಅಲ್ಲಿ ಸೇರಿತು. ಅವರಲ್ಲಿ ಎಲ್ಲರಿಗಿಂತ ಮೊದಲು ಹೆಸರು ಬರೆಯಿಸಿದವಳು ಲಿಂಡಾ ರಿಚರ್ಡ್ಸ್.

ಆ ವರ್ಷದ ದಿನಚರಿಯನ್ನು ಕೇಳಿದರೆ ಈಗಿನ ವಿದ್ಯಾರ್ಥಿನಿಯರು ಬೆರಗಾಗದೆ ಇರಲಾರರು. ಬೆಳಗಿನ 5½ ಗಂಟೆಗೆ ಕೆಲಸವು ಮೊದಲಾಗಿ ರಾತ್ರಿ 9 ಗಂಟೆಗೆ ಮುಗಿಯುವುದು. ಒಬ್ಬೊಬ್ಬಳಿಗೆ ಆರು ಮಂದಿ ರೋಗಿಗಳು. ಮಲಗುವ ಸಣ್ಣ ಕೋಣೆಗಳು ರೋಗಿಗಳ ಕೊಠಡಿಗಳ ನಡುವೆಯೇ ಇದ್ದುದರಿಂದ ರಾತ್ರಿಯೂ ಎದ್ದು ಓಡಬೇಕು. ಎರಡು ವಾರಗಳಿಗೊಮ್ಮೆ ಮಧ್ಯಾಹ್ನ 2ರಿಂದ 5 ಗಂಟೆಯವರೆಗೆ ಬಿಡುವು. ಪಠ್ಯಪುಸ್ತಕವಿಲ್ಲ, ಪ್ರವೇಶಪರೀಕ್ಷೆಯಿಲ್ಲ, ಕೊನೆಯ ಪರೀಕ್ಷೆಯೂ ಇಲ್ಲ. ವರ್ಷದಲ್ಲಿ ವೈದ್ಯರು ಮಾಡಿದ ಉಪನ್ಯಾಸಗಳು ಹನ್ನೆರಡು. ಉಷ್ಣಮಾಪಕವನ್ನು ನೋಡುವುದು, ನಾಡಿಯನ್ನೂ ಉಸಿರನ್ನೂ ಎಣಿಸುವುದು, ಇವನ್ನು ಆಸ್ಪತ್ರೆಯ ಕಿರಿಯ ವೈದ್ಯೆಯರು ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಕಲಿಸುತ್ತಿದ್ದರು.

ಇದಕ್ಕಿಂತ ವಿಚಿತ್ರವಾದ ನಿಯಮವು ಮತ್ತೊಂದಿದ್ದಿತು. ಔಷಧದ ಸೀಸೆಗಳ ಮೇಲೆ ಹೆಸರನ್ನು ಬರೆಯದೆ ಅಂಕೆಗಳನ್ನು ಮಾತ್ರ ಬರೆದಿಡುತ್ತಿದ್ದರು. ರೋಗಿಗೆ ಮದ್ದನ್ನು ಕುಡಿಸುವ ಕೈಗೆ ಆ ಮದ್ದಿನ ಹೆಸರು ತಿಳಿಯಬಾರದು! ದಾದಿಯು ಹೆಚ್ಚು ಅರಿತರೆ ವೈದ್ಯನ ಅಧಿಕಾರಕ್ಕೆ ಕುಂದು ಬರುವುದೆಂಬ ಭಯವು ಆ ಕಾಲದಲ್ಲಿ ಅಷ್ಟು ಬಲವಾಗಿದ್ದಿತು. ಸ್ತ್ರೀವೈದ್ಯರೇ ನಡೆಸುತ್ತಿದ್ದ ಆಸ್ಪತ್ರೆಯಲ್ಲಿಯೇ ಇಂತಹ ಸ್ಥಿತಿಯಿದ್ದ ಮೇಲೆ ಮಿಕ್ಕ ಕಡೆಗಳ ಸಂಗತಿಯನ್ನು ಹೇಳತಕ್ಕುದಿಲ್ಲ. ಇಷ್ಟೆಲ್ಲ ಕೊರತೆಗಳಿದ್ದರೂ ಲಿಂಡಾಳು ಆ ವರ್ಷವನ್ನು ಕೃತಜ್ಞತೆಯಿಂದಲೇ ಕಳೆದಳು. ಮೂರು ತಿಂಗಳು ಚಾಕರಿ ಮಾಡಿಯೂ ಕಾಣದಿದ್ದ ಪಾಠವು ಇಲ್ಲಿ ದಿನವೂ ದೊರೆಯುತ್ತಿದ್ದಿತು. 1873ರಲ್ಲಿ ಆಕೆಗೆ ಪ್ರಮಾಣಪತ್ರವು ಬಂದಿತು. ಆಕೆಯ ಗುರುವಾದ ಡಿಮಕ್ ವೈದ್ಯೆಯು ಎರಡೇ ವರ್ಷಗಳ ಮೇಲೆ, 1875ರಲ್ಲಿ, ಯೂರೋಪಿಗೆ ಹೋಗುತ್ತಿದ್ದ ಹಡಗು ಇಂಗ್ಲೆಂಡಿನ ಸಿಲಿ ದ್ವೀಪಗಳ ಬಳಿ ಒಡೆದು ಮುಳುಗಲು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ಜಲಸಮಾಧಿಯನ್ನು ಹೊಂದಿದಳು. ಆಕೆಯು ನೆಟ್ಟ ಶಾಲೆಯು ಉಳಿದು ಬೆಳೆಯಿತು. ಕರಿಯ ಜನಾಂಗದವರಲ್ಲಿ ಶಿಕ್ಷಿತ ದಾದಿಯಾದ ಪ್ರಥಮ ಮಹಿಳೆಯೆಂದು ಅಮೇರಿಕೆಯಲ್ಲಿ ಪ್ರಸಿದ್ಧಳಾದ ಮೇರಿ ಮಹೋನಿಯು ತೇರ್ಗಡೆಯಾದುದು ಇದೇ ಶಾಲೆಯಿಂದ, 1879ರಲ್ಲಿ.

ಲೇಖನಿಯೂ ಶುಶ್ರೂಷೆಯ ಸಾಧನ

ಪ್ರಮಾಣಪತ್ರವನ್ನು ಪಡೆದ ಲಿಂಡಾಳು ಅದೇ ವರ್ಷ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಹೊಸದಾಗಿ ಮೊದಲಾಗಿದ್ದ ಶಾಲೆಗೆ ರಾತ್ರಿಯ ಮೇಲ್ವಿಚಾರಿಣಿಯಾಗಿ ಹೋದಳು. ಆಕೆಯ ಬಾಳಿನ ಬಹು ಮುಖ್ಯವಾದ ಕಾರ್ಯವು ಇಲ್ಲಿ ನಡೆಯಿತು.

ಆ ವರೆಗೆ ರೋಗಿಯ ಸಮಾಚಾರವು ಬಾಯಿಂದ ಬಾಯಿಗೆ ಸಾಗುತ್ತಿದ್ದಿತು. ರಾತ್ರಿಯ ದಾದಿಯು ಕಂಡುದನ್ನು ನೆನಪಿನಲ್ಲಿಟ್ಟುಕೊಂಡು ಬೆಳಗಿನವಳಿಗೆ ಹೇಳುವಳು. ಅವಳು ಕೇಳಿದುದರಲ್ಲಿ ಅರ್ಧವನ್ನು ವೈದ್ಯರಿಗೆ ತಿಳಿಸುವಳು. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ಕೆಲವು ನಿಮಿಷ ನಿಂತು ಹೋಗುವವರು. ಉಳಿದ ಹೊತ್ತಿನಲ್ಲಿ ರೋಗಿಯ ದೇಹದಲ್ಲಿ ನಡೆದುದೆಲ್ಲವೂ ದಾದಿಯ ಕಣ್ಣಿಗೆ ಮಾತ್ರ ಬೀಳತಕ್ಕುದು. ನಿದ್ದೆಗೆಟ್ಟ ನೆನಪಿನಲ್ಲಿ ಒಂದು ಸಂಗತಿಯು ಜಾರಿತೆಂದರೆ ಒಂದು ಪ್ರಾಣವೇ ಜಾರಿದಂತೆ. ಲಿಂಡಾಳು ಒಬ್ಬೊಬ್ಬ ರೋಗಿಯ ಅವಸ್ಥೆಯನ್ನೂ ಬರೆದಿಡುವ ಪದ್ಧತಿಯನ್ನು ಮೊದಲುಮಾಡಿದಳು. ಇದರಿಂದ ರಾತ್ರಿಯಲ್ಲಿ ಕಂಡುದು ಹಗಲಿನವರ ಕೈಗೆ ಲೋಪವಿಲ್ಲದೆ ಬಂದಿತು. ನಿನ್ನೆಯ ಸ್ಥಿತಿಯೊಡನೆ ಇಂದಿನದನ್ನು ಹೋಲಿಸಿ ನೋಡುವುದು ಸಾಧ್ಯವಾಯಿತು. ದಾದಿಯ ಮಾತಿಗೆ ಪ್ರಮಾಣವೂ ಒದಗಿತು. ಮದ್ದಿನ ಹೆಸರನ್ನು ಸಹ ತಿಳಿಯಗೊಡದೆ ಯಾರನ್ನು ದೂರ ಇರಿಸಿದ್ದರೋ, ಆ ದಾದಿಯ ಬರಹವನ್ನೇ ವೈದ್ಯರು ಓದಿ ಚಿಕಿತ್ಸೆಯನ್ನು ನಿಶ್ಚಯಿಸುವ ಕಾಲವು ಬಂದಿತು.

ಈ ಪದ್ಧತಿಯು ಕಾಲಕ್ರಮದಲ್ಲಿ ದೇಶವಿದೇಶಗಳಿಗೆ ಹಬ್ಬಿತು. ಇಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಾಗಲಿ ತಾಲ್ಲೂಕಿನ ಸಣ್ಣ ಆಸ್ಪತ್ರೆಯಲ್ಲಾಗಲಿ ರೋಗಿಯ ಜ್ವರ, ನಾಡಿ ಮತ್ತು ಔಷಧದ ವಿವರಗಳನ್ನು ದಾದಿಯು ಗಂಟೆಯನ್ನು ಗೊತ್ತುಮಾಡಿ ಬರೆಯುತ್ತಾಳೆ. ಹಾಗೆ ಬರೆಯುವಾಗ ಆಕೆಯು ತನಗರಿಯದಂತೆಯೇ ಈ ಅಮೇರಿಕೆಯ ಸಾಧ್ವಿಯ ಹೆಜ್ಜೆಯಲ್ಲಿ ನಡೆಯುತ್ತಿರುವಳು.

ಶಾಲೆಗಳನ್ನು ಕಟ್ಟಿದುದು

1874ರಲ್ಲಿ ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿದ್ದ ಶಿಕ್ಷಣಶಾಲೆಯ ಮೇಲ್ವಿಚಾರಣೆಯು ಆಕೆಗೆ ಬಂದಿತು. ಆ ಶಾಲೆಯು ಹಿಂದಿನ ವರ್ಷ ಪರೀಕ್ಷಾರ್ಥವಾಗಿ ಸ್ಥಾಪಿತವಾದುದು. ಬಹುಮಂದಿ ವೈದ್ಯರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಅದು ನಿಲ್ಲುವುದೋ ಮುಚ್ಚುವುದೋ ಎಂಬ ಸಂದೇಹದ ಕಾಲ. ಲಿಂಡಾಳು ವೈದ್ಯರೊಡನೆ ವಾದಕ್ಕೆ ನಿಲ್ಲಲಿಲ್ಲ. ವಿದ್ಯಾರ್ಥಿನಿಯರಿಗೆ ಕ್ರಮವಾಗಿ ಪಾಠಗಳನ್ನು ಏರ್ಪಡಿಸಿದಳು. ಕಠಿನವಾದ ರೋಗಿಗಳಿದ್ದಲ್ಲಿ ತಾನೇ ಕುಳಿತು ಸೇವೆಯನ್ನು ಮಾಡಿ ತೋರಿಸಿದಳು. ಶಿಕ್ಷಿತ ದಾದಿಯ ಕೈಯಲ್ಲಿ ರೋಗಿಯು ಹೇಗೆ ಚೇತರಿಸಿಕೊಳ್ಳುವನೆಂಬುದನ್ನು ಕಣ್ಣಾರೆ ಕಂಡ ಮೇಲೆ ವಿರೋಧಿಗಳ ಬಾಯಿ ತಾನಾಗಿಯೇ ಮುಚ್ಚಿತು. ಶಾಲೆಯು ಸ್ಥಿರವಾಯಿತು.

ಗುರುವಾದವಳು ಮತ್ತೆ ಶಿಷ್ಯೆಯಾಗುವುದಕ್ಕೆ ನಾಚಲಿಲ್ಲ. 1877ರಲ್ಲಿ ಆಕೆಯು ಆ ಪದವಿಯನ್ನು ಬಿಟ್ಟು ಇಂಗ್ಲೆಂಡಿಗೆ ಪ್ರಯಾಣ ಮಾಡಿದಳು. ಲಂಡನ್ನಿನ ಸೇಂಟ್ ಥಾಮಸ್ ಮತ್ತು ಕಿಂಗ್ಸ್ ಕಾಲೇಜ್ ಆಸ್ಪತ್ರೆಗಳಲ್ಲಿಯೂ ಎಡಿನ್‌ಬರೋ ನಗರದ ರಾಯಲ್ ಆಸ್ಪತ್ರೆಯಲ್ಲಿಯೂ ಸುಮಾರು ಏಳು ತಿಂಗಳು ಇದ್ದು ಅಲ್ಲಿಯ ಕ್ರಮಗಳನ್ನು ಅಭ್ಯಾಸಮಾಡಿದಳು. ನೈಟಿಂಗೇಲ್ ಮಹಾಶಯೆಯ ದರ್ಶನವೂ ಆಯಿತು. ವಯೋವೃದ್ಧೆಯಾಗುತ್ತಿದ್ದ ಆ ಪೂಜ್ಯಳು ಈ ತರುಣಿಯನ್ನು ತನ್ನ ಮನೆಗೆ ಬರಮಾಡಿಕೊಂಡು, ವಿಶ್ವಾಸದಿಂದ ಮಾತನಾಡಿ, ಅಮೇರಿಕೆಯ ಕಾರ್ಯಕ್ಕೆ ಸಲಹೆಗಳನ್ನಿತ್ತು ಹರಸಿ ಕಳುಹಿದಳು.

ಹಿಂದಿರುಗಿದ ಮೇಲೆ 1878ರಲ್ಲಿ ಆಕೆಯು ಒಂದು ಹೊಸ ಶಾಲೆಯನ್ನು ಪ್ರಾರಂಭಿಸಿದಳು. ಅದು ಬೇರೆಲ್ಲಿಯೂ ಅಲ್ಲ, ಎಂಟು ವರ್ಷಗಳ ಹಿಂದೆ ಮೂರು ತಿಂಗಳು ಚಾಕರಿಯವಳಂತೆ ದುಡಿದು ಬಿಟ್ಟಿದ್ದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿಯೇ! ತನಗೆ ಯಾವ ಸ್ಥಳದಲ್ಲಿ ವಿದ್ಯೆಯು ದೊರೆಯಲಿಲ್ಲವೋ ಅದೇ ಸ್ಥಳದಲ್ಲಿ ಇತರರಿಗೆ ವಿದ್ಯೆಯು ದೊರೆಯುವಂತೆ ಮಾಡಿದಳು. ದೇಹಾರೋಗ್ಯವು ಕೆಟ್ಟುದರಿಂದ ನಡುವೆ ಕೆಲವು ಕಾಲ ವಿಶ್ರಾಂತಿ ಪಡೆದರೂ ಪುನಃ ಬಂದು ಆ ಶಾಲೆಯನ್ನು ನಡೆಸಿದಳು.

ಜಪಾನಿನ ಸೇವೆ

ತಂದೆಯು ಹೆಸರಿನೊಡನೆ ಇತ್ತಿದ್ದ ಹಾರೈಕೆಯು ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ ನಿಜವಾಯಿತು. ಕ್ರೈಸ್ತಧರ್ಮದ ಮಿಶನ್ ಸಂಘವೊಂದರ ಪರವಾಗಿ ಆಕೆಯು 1886ರ ಆರಂಭದಲ್ಲಿ ಜಪಾನ್ ದೇಶವನ್ನು ಸೇರಿದಳು. ನೀಜಿಮಾ ಜೋ ಎಂಬ ಜಪಾನೀಯ ಮಹನೀಯರು 1875ರಲ್ಲಿ ಕ್ಯೋಟೋ ನಗರದಲ್ಲಿ ದೋಶಿಷಾ ಎಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದ್ದರು. ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ಜಾನ್ ಬೆರಿ ಎಂಬ ಅಮೇರಿಕೆಯ ವೈದ್ಯರೊಡನೆ ಕೂಡಿ ಲಿಂಡಾಳು ದಾದಿಯರ ಶಾಲೆಯನ್ನು ಕಟ್ಟಿದಳು. ಜಪಾನಿನಲ್ಲಿ ಮೊದಮೊದಲು ಹುಟ್ಟಿದ ಇಂತಹ ಶಾಲೆಗಳಲ್ಲಿ ಅದೂ ಒಂದು.

ಭಾಷೆಯು ಬಾರದು, ಆಚಾರ ವ್ಯವಹಾರಗಳೆಲ್ಲವೂ ಭಿನ್ನ. ಮೊದಲು ದುಭಾಷಿಯ ಮೂಲಕ ಪಾಠವನ್ನು ಹೇಳುತ್ತ, ಜೊತೆಜೊತೆಯಲ್ಲಿಯೇ ಜಪಾನೀ ಭಾಷೆಯನ್ನೂ ಕಲಿಯತೊಡಗಿದಳು. ನಡುವಯಸ್ಸಿನ ಗುರುವು ಹಗಲಿನಲ್ಲಿ ಶಿಷ್ಯೆಯರಿಗೆ ಶುಶ್ರೂಷೆಯನ್ನು ಕಲಿಸುವುದೂ, ತಾನು ಮಕ್ಕಳಂತೆ ಅವರ ನುಡಿಯ ಅಕ್ಷರಗಳನ್ನು ತಿದ್ದುವುದೂ ಸಾಮಾನ್ಯವಾದ ವಿನಯದಿಂದ ಆಗತಕ್ಕುದಲ್ಲ. 1890ರವರೆಗೆ ಅಲ್ಲಿ ದುಡಿದು, ತಾನು ಕಲಿಸಿದ ಜಪಾನೀ ತರುಣಿಯರು ಕೆಲಸವನ್ನು ಕೈಗೆತ್ತಿಕೊಂಡುದನ್ನು ಕಂಡು, ಬಳಲಿದ ದೇಹದಿಂದ ಸ್ವದೇಶಕ್ಕೆ ತೆರಳಿದಳು.

ಚಿತ್ತರೋಗಿಗಳ ತಾಯಿ

ಸ್ವದೇಶಕ್ಕೆ ಬಂದವಳು ಫಿಲಡೆಲ್ಫಿಯಾ ನಗರದಲ್ಲಿ ಬಡವರ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ದಾದಿಯರ ಸಂಘದ ಮುಖ್ಯಸ್ಥೆಯಾದಳು. ಆಮೇಲೆ ಇಪ್ಪತ್ತು ವರ್ಷಗಳ ಕಾಲ ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಹೋಗುತ್ತ, ಇಲ್ಲದಲ್ಲಿ ಶಾಲೆಯನ್ನು ಸ್ಥಾಪಿಸುತ್ತ, ಕೆಟ್ಟಲ್ಲಿ ಸರಿಪಡಿಸುತ್ತ ನಡೆದಳು. ಒಂದು ಕಡೆ ಕೆಲಸವು ನೆಲೆಗೊಂಡಿತೆಂದರೆ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಟುಬಿಡುವಳು. 1900ರಲ್ಲಿ ಅಮೇರಿಕೆಯ ದಾದಿಯರು ತಮ್ಮದೇ ಆದ ಮಾಸಪತ್ರಿಕೆಯನ್ನು ಹೊರಡಿಸಿದಾಗ ಅದರ ಮೊದಲನೆಯ ಷೇರನ್ನು ಕೊಂಡವಳೂ ಈಕೆಯೇ.

ಅರುವತ್ತರ ಸಮೀಪಕ್ಕೆ ಬಂದಾಗ ಆಕೆಯು ಎಲ್ಲರೂ ಹಿಂಜರಿಯುತ್ತಿದ್ದ ಕಾರ್ಯಕ್ಕೆ ಕೈಹಚ್ಚಿದಳು. ಬುದ್ಧಿಭ್ರಮಣೆಯಾದವರನ್ನು ಇಡುತ್ತಿದ್ದ ಆಸ್ಪತ್ರೆಗಳಲ್ಲಿ ಕಾವಲುಗಾರರು ಇರುತ್ತಿದ್ದರೇ ಹೊರತು ದಾದಿಯರಿರುತ್ತಿರಲಿಲ್ಲ. ದೇಹಕ್ಕೆ ರೋಗವಾದವನಿಗೆ ದೊರೆಯುವಷ್ಟಾದರೂ ಆರೈಕೆಯು ಮನಸ್ಸಿಗೆ ರೋಗವಾದವನಿಗೂ ದೊರೆಯಬೇಕೆಂಬುದು ಆಕೆಯ ದೃಢವಾದ ಅಭಿಪ್ರಾಯ. ಮಸಾಚುಸೆಟ್ಸಿನ ಟಾಂಟನ್ ಮತ್ತು ವುಸ್ಟರ್, ಮಿಶಿಗನ್ನಿನ ಕಲಮಜೂ, ಈ ಊರುಗಳಲ್ಲಿದ್ದ ಚಿತ್ತರೋಗಿಗಳ ಆಸ್ಪತ್ರೆಗಳಲ್ಲಿ ಆಕೆಯು ದಾದಿಯರ ಶಿಕ್ಷಣವನ್ನು ನಡೆಸಿದಳು. ಮನೆಯವರೂ ಮರೆತ ಜೀವಗಳ ಬಳಿಗೆ ಶಿಕ್ಷಿತವಾದ ಕೈಗಳನ್ನು ಕಳುಹಿಸಿದ ಈ ಕೆಲಸವು ಆಕೆಯ ಮಿಕ್ಕ ಯಾವ ಕೆಲಸಕ್ಕೂ ಕಡಮೆಯಾದುದಲ್ಲ.

ಅಂತ್ಯಕಾಲ

1911ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಆಕೆಯು ಕೆಲಸದಿಂದ ನಿವೃತ್ತಳಾದಳು. ಅದೇ ವರ್ಷ ಆಕೆಯ ಆತ್ಮಸ್ಮೃತಿಗಳ ಗ್ರಂಥವು ಪ್ರಕಟವಾಯಿತು. ಅಷ್ಟು ಹೊತ್ತಿಗೆ ಶುಶ್ರೂಷಾ ವಿದ್ಯೆಯ ಸ್ವರೂಪವೇ ಬದಲಾಗಿದ್ದಿತು. ಒಂದು ವರ್ಷದ ಶಿಕ್ಷಣವು ಎರಡು, ಮೂರು ವರ್ಷಗಳಿಗೆ ಬೆಳೆದಿದ್ದಿತು. ಪಠ್ಯಪುಸ್ತಕಗಳೂ ಪರೀಕ್ಷೆಗಳೂ ಬಂದಿದ್ದುವು. ಜಾನ್ಸ್ ಹಾಪ್ಕಿನ್ಸ್ ಶಾಲೆಯಲ್ಲಿ 1891ರಲ್ಲಿ ತೇರ್ಗಡೆಯಾದ ಅಡಿಲೇಡ್ ನಟಿಂಗ್ ಎಂಬ ದಾದಿಯು 1907ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕರ ಕಾಲೇಜಿನಲ್ಲಿ ಪ್ರಾಧ್ಯಾಪಕ ಪದವಿಯನ್ನೇ ಪಡೆದಿದ್ದಳು. ವಿದ್ಯಾರ್ಥಿನಿಯರನ್ನು ಹಗಲಿರುಳು ದುಡಿಸಿ ಆಸ್ಪತ್ರೆಯ ಖರ್ಚನ್ನು ಉಳಿಸುವ ರೂಢಿಯು ಮಾತ್ರ ಇನ್ನೂ ಅಳಿದಿರಲಿಲ್ಲ. ಅದರೊಡನೆ ಹೋರಾಡುವ ಭಾರವು ನಟಿಂಗ್ ಮೊದಲಾದ ಮುಂದಿನ ತಲೆಮಾರಿನವರ ಮೇಲೆ ಬಿದ್ದಿತು.

1923ರಲ್ಲಿ ಲಿಂಡಾ ರಿಚರ್ಡ್ಸಳಿಗೆ ಪಾರ್ಶ್ವವಾಯು ಬಡಿಯಿತು. ಐವತ್ತು ವರ್ಷಗಳ ಹಿಂದೆ ತಾನು ವಿದ್ಯೆಯನ್ನು ಪಡೆದಿದ್ದ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿಯೇ ಆಕೆಯು ರೋಗಿಯಾಗಿ ಮಲಗಿದಳು. ಜನ್ಮವೆಲ್ಲ ಪರರನ್ನು ಉಪಚರಿಸಿದವಳನ್ನು ಆಕೆಯ ವಿದ್ಯೆಯ ಪರಂಪರೆಗೆ ಸೇರಿದ ದಾದಿಯರು ಏಳು ವರ್ಷಗಳವರೆಗೆ ನೋಡಿಕೊಂಡರು. 1930ನೆಯ ಇಸವಿ ಏಪ್ರಿಲ್ 16ನೆಯ ತಾರೀಖಿನಂದು, ಎಂಬತ್ತೆಂಟು ವರ್ಷಗಳ ತುಂಬುಬಾಳನ್ನು ಬಾಳಿ, ಆಕೆಯು ದೇಹವನ್ನು ಬಿಟ್ಟಳು. ಅಮೇರಿಕೆಯ ರಾಷ್ಟ್ರೀಯ ಮಹಿಳಾ ಕೀರ್ತಿಮಂದಿರದಲ್ಲಿ 1994ರಲ್ಲಿ ಆಕೆಯ ಹೆಸರನ್ನು ಸೇರಿಸಿ ದೇಶವು ತನ್ನ ಋಣವನ್ನು ಸ್ಮರಿಸಿತು.

ಈ ಚರಿತ್ರೆಯ ಸಾರ

ಲಿಂಡಾ ರಿಚರ್ಡ್ಸಳು ಹೊಸದೊಂದು ಔಷಧವನ್ನು ಕಂಡುಹಿಡಿದವಳಲ್ಲ, ಸಂಪತ್ತನ್ನು ಕೂಡಿಹಾಕಿದವಳಲ್ಲ, ತನ್ನ ಹೆಸರಿನಿಂದ ಒಂದು ಸಂಸ್ಥೆಯನ್ನು ಕಟ್ಟಿ ಅದರ ಒಡತಿಯಾಗಿ ಕುಳಿತವಳೂ ಅಲ್ಲ. ತಾಯಿಯ ಮತ್ತು ವಾಗ್ದತ್ತನ ಹಾಸಿಗೆಗಳ ಬಳಿ ತಾನು ಅರಿಯದೆ ಪಟ್ಟ ಸಂಕಟವನ್ನು ಮತ್ತೊಬ್ಬ ಮಗಳು, ಮತ್ತೊಬ್ಬ ತರುಣಿಯು ಪಡದಿರಲೆಂದು ಆಕೆಯು ದುಡಿದಳು. ಒಬ್ಬಳ ಎರಡು ಕೈಗಳಿಂದ ಆಗುವ ಸೇವೆಯು ಅವಳ ಬಾಳಿನೊಡನೆ ಮುಗಿಯುವುದು. ಕಲಿಸಿದ ಸೇವೆಗೆ ಮುಗಿವಿಲ್ಲ. ಆಕೆಯ ಕೈಯಿಂದ ಕಲಿತವರು ಇತರರಿಗೆ ಕಲಿಸಿದರು, ಅವರು ಇನ್ನೂ ಇತರರಿಗೆ ಕಲಿಸಿದರು. ಒಂದು ಹಣತೆಯಿಂದ ಸಾವಿರ ಹಣತೆಗಳು ಹೊತ್ತಿದರೂ ಮೊದಲಿನದರ ಬೆಳಕು ಕುಂದದಂತೆ ಆ ವಿದ್ಯೆಯು ಹಬ್ಬಿತು.

ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದಿರುವ ಸಂಸ್ಥೆಗಳ ನೆರಳಿನಲ್ಲಿ ಬೆಳೆದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾದಿಯ ಕೆಲಸವನ್ನು ಕೀಳೆಂದು ಎಣಿಸುವವರು ಇನ್ನೂ ಅಲ್ಲಲ್ಲಿ ಇರುವರು. ಮಗಳು ಆ ವಿದ್ಯೆಯನ್ನು ಬಯಸಿದರೆ ಬೇಡವೆನ್ನುವ ಮನೆಗಳೂ ಇರುವುವು. ಅಂತಹ ಮನೆಗಳ ಹಿರಿಯರು ಈ ಚರಿತ್ರೆಯನ್ನು ಒಮ್ಮೆ ಓದಿಸಿ ಕೇಳಲಿ. ಕರುಣೆಗೆ ವಿದ್ಯೆಯು ಜೊತೆಯಾಗಲಿ, ವಿದ್ಯೆಗೆ ವಿನಯವು ಜೊತೆಯಾಗಲಿ, ನೊಂದವರ ಬಳಿಗೆ ನಡೆಯುವ ಕಾಲುಗಳು ನಾಡಿನಲ್ಲಿ ಎಂದೆಂದಿಗೂ ಹೆಚ್ಚುತ್ತಿರಲಿ.